ನಲವತ್ತಾರನೇ ಲಾಟು

ಮಾನಿಟರಿನ ಹಣೆಗೆ ಹೋದ ಶುಕ್ರವಾರ ಹಚ್ಚಿದ ಕುಂಕುಮ ಒಣಗಿ ಉದುರುತ್ತಿದೆ, ಅದರ ಕೆಳಗೆ ಹಾವೇರಿ ಆಫೀಸಿನ ರುದ್ರಮುನಿ ಅಂಟಿಸಿ ಹೋದ ಬಿಳಿ ಚೀಟಿ, ಚೀಟಿಯ ಮೇಲೆ ನಂಬರು, ನಂಬರಿನ ಮೇಲೂ ಒಂದಿಷ್ಟು ಕೆಂಪು — ಇಷ್ಟು ಕೆಂಪು ಯಾಕೆ ಮೆತ್ತಿದೆನೋ, ಭುವನಾಗೆ ಇವತ್ತು ಕೆಂಪು ನೋಡಲಾಗುವುದಿಲ್ಲ, ಮೋಡೆಮ್ಮು ಕಿರ್ರೋ ಎಂದು ಅರಚಿ ಸುಮ್ಮನಾಯಿತು, ಹಾವೇರಿಗೆ ಲೈನು ಹತ್ತಿತು ಅಂತ ಅರ್ಥ, ಹತ್ತುತ್ತದೆ, ಲೈನು ಹತ್ತುವುದಕ್ಕೇನೂ ಧಾಡಿ ಇಲ್ಲ, ತಡೆ ಇರುವುದು ಮುಂದೆ, ಬಾಗಿಲಲ್ಲಿ, ಪರದೆಯ ಮೇಲೆ ಮತ್ತೆ ಅದೇ ಇಂಗ್ಲಿಷ್ ಸಾಲು, ಸರ್ವರ್ ಇಲ್ಲ ಅಥವಾ ಒಳಗೆ ಬಿಡುವುದಿಲ್ಲ. ಇಲ್ಲವೋ, ಬಿಡುವುದಿಲ್ಲವೋ, ಎರಡರಲ್ಲಿ ಒಂದು ಹೇಳಬಾರದೇ, ಇದರ ಬಾಯಾಗ ಮಣ್ಣು ಹಾಕ, ಮನೆಯೊಳಗೇ ಕುಳಿತು ಮನ್ಯಾಗ ಯಾರೂ ಇಲ್ಲರಿ ಅಂತ ಕೂಗಿದ ಹಾಗಾಯಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಐದು ನಿಮಿಷ. ಕಂಪನಿಯ ಬ್ಯಾಡಗಿ ಗೋದಾಮಿನಲ್ಲಿ ಪಂಚಮಿ ಜೋಳ ಹಂಚುವುದು ಹನ್ನೊಂದೂವರೆಗೆ.

ಇಪ್ಪತ್ತೈದು ನಿಮಿಷ ಅಂದರೆ ಹತ್ತು ರೊಟ್ಟಿ ಬಡಿಯುವಷ್ಟು ಹೊತ್ತು, ಮತ್ತು ಈ ತಪ್ಪು ಮಾಡಲು ಅವಳಿಗೆ ಒಂದು ರೊಟ್ಟಿ ತಿರುವಿ ಹಾಕುವಷ್ಟು ಹೊತ್ತೂ ಬೇಕಾಗಿರಲಿಲ್ಲ. ರಾಣೆಬೆನ್ನೂರಿನ ಈ ಬೀಜದ ಕಂಪನಿಯಲ್ಲಿ ಐದು ವರ್ಷದಿಂದ ಕಂಪ್ಯೂಟರಿನ ಮುಂದೆ ಕುಳಿತವಳು, ಕೀಲಿಮಣೆ ನೋಡದೆ ಬೆರಳಾಡಿಸುವವಳು, ಭುವನಾ ಬೆರಳಿಟ್ಟಳಂದ್ರ ಮುಗೀತ್ರಿ ಅಂತ ಮ್ಯಾನೇಜರು ಬಂದವರ ಮುಂದೆಲ್ಲ ಹೇಳುತ್ತಿದ್ದರು, ಮುಗೀತು, ಖರೇ ಮುಗೀತು — ಹಳೇ ಕಂಪ್ಯೂಟರಿನಲ್ಲಿ ಬೀಜದ ರಾಶಿಗೊಂದು ಲಾಟು, ಆ ಲಾಟಿನ ನಂಬರು ಬರೆದು ಕೆಳಗೆ ಬಂದರೆ ಔಷಧ ಎನ್ನುವ ಕಡೆ ಮೊದಲೇ ಹೌದು ಎಂದು ಇರುತ್ತಿತ್ತು, ಎಂಟರ್ ಒತ್ತಿದರಾಯಿತು, ಸೋಮವಾರ ಹೊಸದು ಬಂತು, ಹೊಸದರಲ್ಲಿ ಅದೇ ಜಾಗದಲ್ಲಿ ಇಲ್ಲ ಎಂದಿತ್ತು, ಬೆರಳಿಗೇನು ಗೊತ್ತು, ಅದು ತನ್ನ ರೂಢಿಯ ಪ್ರಕಾರ ಒತ್ತಿ ಮುಂದೆ ಹೋಯಿತು. ಹುಳ ಹತ್ತದಿರಲೆಂದು ವಿಷದ ಔಷಧ ಹಾಕಿದ ಬೀಜ ಬಿತ್ತನೆ ಮುಗಿದ ಮೇಲೆ ಉಳಿದರೆ ಮಣ್ಣಲ್ಲಿ ಹೂಳಬೇಕು. ಔಷಧ ಹಾಕದೆ ಉಳಿದ ಜೋಳವನ್ನು ಹೊಲದಲ್ಲಿ ಹೂವಿಗೆ ಹೂವಿನ ಪರಾಗ ಸವರಿ ಕ್ರಾಸಿಂಗ್ ಮಾಡುವ ಹೆಣ್ಣಾಳುಗಳಿಗೆ ಪಂಚಮಿ ಹಬ್ಬಕ್ಕೆ ಕೊಡುತ್ತಾರೆ, ಅಳ್ಳು, ಅಂದರೆ ಜೋಳದ ಅರಳು, ಹುರಿಯಲಿಕ್ಕೆ, ತಲಾ ಒಂದು ಸಣ್ಣ ಚೀಲ, ಈ ಕಂಪನಿಯ ಪದ್ಧತಿ. ಈ ಸಲ ಅರವತ್ತೆರಡು ಹೆಂಗಸರಿಗೆ ನಲವತ್ತಾರನೇ ಲಾಟು ಅಂತ ಹಾವೇರಿಯ ಸರ್ವರು, ಕಂಪನಿಯ ಲೆಕ್ಕವೆಲ್ಲ ಇರುವ ದೊಡ್ಡ ಕಂಪ್ಯೂಟರು, ತಾನೇ ಆರಿಸಿಕೊಂಡಿತು, ಇವಳು ಇಲ್ಲ ಎಂದದ್ದನ್ನು ನಂಬಿಕೊಂಡು. ಹತ್ತೂ ಮುಕ್ಕಾಲಿಗೆ ಲಾಟಿನ ಚೀಟಿಗಳನ್ನು ಫೈಲಿಗೆ ಹಾಕುವಾಗ ನಲವತ್ತಾರರ ಚೀಟಿಯ ಮೂಲೆಯಲ್ಲಿ ಗುಲಾಬಿ ಬಣ್ಣದ ಹೆಬ್ಬೆರಳ ಗುರುತು ಕಂಡಿತು, ಔಷಧ ಕಲಸುವ ಕೋಣೆಯಿಂದ ಬಂದ ಚೀಟಿಗೆ ಮಾತ್ರ ಹತ್ತುವ ಬಣ್ಣ. 

ಕೋಳಿ. ಹೋದ ವರ್ಷ ವಾಚ್‌ಮನ್ ಹೊಳಿಯಪ್ಪನ ಕೋಳಿಗಳು ಆ ಕೋಣೆಯ ಕಸ ಕೆದರಿ ಹೆಕ್ಕಿದವು, ಎಷ್ಟು ಹೆಕ್ಕಿದ್ದಾವು, ಒಂದು ಹಿಡಿ, ಮಧ್ಯಾಹ್ನದೊಳಗೆ ಹನ್ನೊಂದು ಕೋಳಿಯೂ ಗೋಡೆಯ ಬದಿಗೆ ಸಾಲಾಗಿ ಬಿದ್ದಿದ್ದವು, ಕಣ್ಣು ತೆರೆದುಕೊಂಡೇ, ಹೊಳಿಯಪ್ಪ ಒಂದೊಂದನ್ನೇ ಕಾಲು ಹಿಡಿದು ಎತ್ತಿ ನೋಡುತ್ತ, ಎಂಥಾ ಜ್ವಾಳ ತಿಂದ್ವವ್ವಾ ಇವು, ಅಂದ. ಆದರೆ ಕೋಳಿಗೆ ಬಣ್ಣದ ಅರ್ಥ ತಿಳಿಯುವುದಿಲ್ಲ, ಮನುಷ್ಯರಿಗೆ ತಿಳಿಯಲಿ ಅಂತಲೇ ಔಷಧದಲ್ಲಿ ಗುಲಾಬಿ ಬಣ್ಣ ಬೆರೆಸುವುದು, ಹೆಂಗಸರು ಕುರುಡರೇ, ಕೆಂಪಗಿರುವುದು ಕಂಡರೆ ಬಿಡುತ್ತಾರೆ, ಬಿಡುತ್ತಾರೆ — ಬೇರೆ ಯಾವ ಊರಲ್ಲಾದರೂ ಬಿಡುತ್ತಿದ್ದರು, ಬ್ಯಾಡಗಿಯಲ್ಲಿ? ಆ ಗೋದಾಮಿನ ಅರ್ಧ ಮೆಣಸಿನಕಾಯಿ ಚೀಲ, ಗೋಡೆ ಕೆಂಪು, ತಕ್ಕಡಿ ಕೆಂಪು, ಹಮಾಲರ ಹುಬ್ಬು ಕೆಂಪು, ಅಲ್ಲಿ ಇಟ್ಟ ಯಾವ ಚೀಲ ಬಿಚ್ಚಿದರೂ ಒಳಗಿನ ಕಾಳಿಗೆ ಮೆಣಸಿನ ಪುಡಿ ಹತ್ತಿರುತ್ತದೆ, ಹೋದ ಪಂಚಮಿಗೂ ಹತ್ತಿತ್ತು, ಭುವನಾಳ ಅವ್ವ ಕರೆವ್ವ ಮೊರದಲ್ಲಿ ಕೇರಿ ಕೆಮ್ಮುತ್ತ ನಗುತ್ತ, ಎರಡು ನೀರು ತೊಳದ್ರ ಹೋಗತೈತೇಳು, ಬ್ಯಾಡಗಿ ಜ್ವಾಳಕ್ಕ ಖಾರ ಬ್ಯಾರೆ ಹಾಕೋದು ಬ್ಯಾಡ, ಅಂದಿದ್ದಳು, ಎಲ್ಲರೂ ನಕ್ಕಿದ್ದರು, ಇವಳೂ ನಕ್ಕಿದ್ದಳು. ಈಗ ಅವ್ವನೂ ಸೇರಿ ಅರವತ್ತೆರಡು ಹೆಂಗಸರು ಚೀಲ ಬಿಚ್ಚಿ ಕೆಂಪು ನೋಡಿ ಅದೇ ಮಾತಾಡುತ್ತಾರೆ, ತೊಳೆಯುತ್ತಾರೆ, ಒಣಗಿಸುತ್ತಾರೆ, ಹುರಿಯುತ್ತಾರೆ, ನಾಳೆ ಪಂಚಮಿ, ಮಕ್ಕಳು ಅಂಗಿಯ ಕಿಸೆ ತುಂಬ ಅಳ್ಳು ತುಂಬಿಕೊಂಡು ಜೋಕಾಲಿ ಆಡುತ್ತ ತಿನ್ನುತ್ತವೆ. ಅವಳು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು.

ತೊಳೆಯುವುದು ಆಮೇಲಿನ ಮಾತು. ಬೀಜದ ಕೆಲಸದವರು ಕಾಳು ಕೈಗೆ ಬಂದರೆ ಮೊದಲು ಮಾಡುವುದೇನು, ನಾಲ್ಕು ಕಾಳು ಅಂಗೈಗೆ ಸುರಿದು, ಉಫ್ ಎಂದು ಊದಿ, ಬಾಯಿಗೆ ಎಸೆದುಕೊಂಡು ಕಡಿಯುವುದು, ಕಟ್ ಅಂದರೆ ಒಣಗಿದೆ, ಮೆತ್ತಗಾದರೆ ಹಸಿ, ತೇವ ಅಳೆಯುವ ಯಂತ್ರ ಬರುವ ಮೊದಲು ಎಲ್ಲರಿಗೂ ಹಲ್ಲೇ ಯಂತ್ರ, ಬಂದ ಮೇಲೂ ಅವ್ವ ಅದನ್ನು ನಂಬಲಿಲ್ಲ, ನಂಬುವವಳೇ ಅಲ್ಲ, ಸಣ್ಣಂದಿನಲ್ಲಿ ಭುವನಾಗೂ ಕಲಿಸಿದವಳು ಅವಳೇ, ಆ ಮಾಡು, ಕಡಿ, ಕಟ್ ಅಂತೇನು? ಅಂತು ಯವ್ವಾ. ಜಾಣಿ. ಈಗ ಅವ್ವನ ಮುಂದೆ ಕೂರುವವಳು ಕಾವ್ಯಾ, ಭುವನಾಳ ಮಗಳು, ನಾಲ್ಕು ವರ್ಷ ತುಂಬಿ ಎರಡು ತಿಂಗಳು, ಭಾನುವಾರವೇ ಕಾಗಿನೆಲೆ ರಸ್ತೆಯ ತವರೂರಿಗೆ ಬಿಟ್ಟು ಬಂದಿದ್ದಾಳೆ, ತಾನು ಇವತ್ತು ಸಂಜೆ ಬಸ್ಸಿಗೆ ಹೋಗುವವಳು, ಅಜ್ಜಿಯ ಬೆರಳು ಬಿಡದ ಹುಡುಗಿ ಬ್ಯಾಡಗಿಗೂ ಹೋಗಿರುತ್ತದೆ, ಖಂಡಿತ ಹೋಗಿರುತ್ತದೆ, ಅಂಗೈಯಲ್ಲಿ ಕೆಂಪು ಕಾಳು, ಉಫ್, ಆ ಮಾಡು ನನ್ನ ರಾಣಿ, ಸಣ್ಣ ಬಾಯಿ ತೆರೆಯುತ್ತದೆ, ಕೆಳಗಿನ ಸಾಲಿನಲ್ಲಿ ಅಕ್ಕಿಯಂಥ ಹಲ್ಲು — ಬೇಡ, ಬೇಡ, ಫೋನು ಮಾಡು, ಸುಮ್ಮನೆ ಕೂರಬೇಡ.

ಲೈನು ಕಡಿದು ಫೋನೆತ್ತಿದಳು, ಒಂದೇ ಲೈನು, ಮೋಡೆಮ್ಮು ಹಚ್ಚಿದರೆ ಮಾತಿಲ್ಲ, ಮಾತಾಡಿದರೆ ಮೋಡೆಮ್ಮಿಲ್ಲ, ಬ್ಯಾಡಗಿಯಲ್ಲೂ ಅದೇ ಹಣೆಬರಹ, ಗೋದಾಮಿನ ಗುಮಾಸ್ತ ಗೂಡುಸಾಬ ಹೆಸರಿಗೊಂದು ಚೀಟಿ ಪ್ರಿಂಟು ತೆಗೆಯಲು ಸರ್ವರಿಗೆ ಲೈನು ಹಚ್ಚಿಕೊಂಡು ಕೂತಿದ್ದಾನೆ, ಅದಕ್ಕೇ ಟುಂಯ್ ಟುಂಯ್ ಟುಂಯ್, ಇದು ಒಂಬತ್ತನೆಯ ಸಲ, ಗೋದಾಮಿನ ಪಕ್ಕದ ಅಡತಿ ದಲ್ಲಾಳಿ ಅಂಗಡಿಯ ನಂಬರು ಯಾರ ಹತ್ತಿರವೂ ಇಲ್ಲ, ಮ್ಯಾನೇಜರು ಹುಬ್ಬಳ್ಳಿಗೆ ಹೋಗಿದ್ದಾರೆ. ಡ್ರೈವರ್ ಯೂಸುಫಸಾಬನನ್ನು ಜೀಪು ಕೊಟ್ಟು ಹನ್ನೊಂದಕ್ಕೆ ಐದು ಇರುವಾಗಲೇ ಓಡಿಸಿದ್ದಾಳೆ, ಅಕ್ಕಾರ ನೀವೇನೂ ಅಂಜಬ್ಯಾಡ್ರಿ, ನಾ ಹೋದೆ ಅನ್ರಿ, ಎಂದ, ಆದರೆ ಹೆದ್ದಾರಿಯನ್ನು ಅಗೆದು ಗುಡ್ಡೆ ಹಾಕಿದ್ದಾರೆ, ಮೋಟೆಬೆನ್ನೂರು ದಾಟಿ ಹೊರಳಿ ಬ್ಯಾಡಗಿ ಮುಟ್ಟುವಾಗ ಹನ್ನೆರಡು ಹೊಡೆಯುತ್ತದೆ, ಅಷ್ಟೊತ್ತಿಗೆ ಚೀಲ ಹಂಚಿ ಹೆಂಗಸರು ಹತ್ತು ಹಳ್ಳಿಯ ಹಾದಿ ಹಿಡಿದಿರುತ್ತಾರೆ. ಸರ್ವರೊಳಗೆ ಹೋಗಿ ನಲವತ್ತಾರರ ಮುಂದೆ ತಡೆ ಎಂದು ಬರೆದರೆ ಸಾಕು, ಗೂಡುಸಾಬನ ಪ್ರಿಂಟರು ಚೀಟಿ ಕೊಡುವುದಿಲ್ಲ, ಚೀಟಿ ಇಲ್ಲದೆ ಆ ಮನುಷ್ಯ ತನ್ನ ಹೆಂಡತಿಗೂ ಒಂದು ಕಾಳು ಕೊಡುವವನಲ್ಲ. ಒಂದು ಪದ, ಅದನ್ನು ಬರೆಯಲು ಒಳಗೆ ಬಿಡಬೇಕಲ್ಲ.

ನಿನ್ನೆ ಸಂಜೆಯವರೆಗೆ ಬಿಡುತ್ತಿತ್ತು. ನಿನ್ನೆ ಹಾವೇರಿ ಆಫೀಸಿಗೆ ಎಲ್ಲಿಂದಲೋ ವೈರಸ್ಸು ಬಂತಂತೆ, ಅಲ್ಲಿ ಕಂಪ್ಯೂಟರು ನೋಡಿಕೊಳ್ಳುವ ರುದ್ರಮುನಿ ಗಾಬರಿಯಾಗಿ ಫೈರ್‌ವಾಲ್ ಕೂರಿಸಿದ, ಹಂಗಂದ್ರೇನಣ್ಣಾ ಎಂದು ಇವಳು ಫೋನಿನಲ್ಲಿ ಕೇಳಿದ್ದಳು, ಏನಿಲ್ಲ ತಂಗಿ, ಬಾಗಲದಾಗ ಒಬ್ಬವನ್ನ ಪಟ್ಟಿ ಕೊಟ್ಟು ಕುಂದ್ರಿಸಿದಂಗ, ಪಟ್ಟಿಯೊಳಗ ನಂಬರ ಇದ್ದ ಕಂಪ್ಯೂಟರಿಗಷ್ಟ ದಾರಿ, ಉಳದವ್ರು ಯಾರ ಬಂದ್ರೂ ಹೊರಗ, ನಿನ್ನ ಕಂಪ್ಯೂಟರಿನ ನಂಬರ ಹೇಳು, ಬರಕೋತೇನಿ. ಆಗ ಅವಳಿಗೆ ಹೊಲ ನೆನಪಾಯಿತು, ಹತ್ತಿಯ ಕ್ರಾಸಿಂಗ್, ಹದಿನಾರು ವರ್ಷಕ್ಕೆ ಅವ್ವನ ಜೊತೆ ಸಾಲಿನಲ್ಲಿ ಬಗ್ಗಿ ಮಧ್ಯಾಹ್ನವೆಲ್ಲ ಮೊಗ್ಗು ಬಿಡಿಸಿ ಗಂಡು ಕೇಸರ ಕಿತ್ತು ಮೇಲೊಂದು ಕೆಂಪು ಕಾಗದದ ಟೊಪ್ಪಿಗೆ ಹಾಕುವುದು, ಮರುದಿನ ಮುಂಜಾನೆ ಟೊಪ್ಪಿಗೆ ತೆಗೆದು ಗೊತ್ತು ಮಾಡಿದ ಗಿಡದ ಹೂವನ್ನೇ ತಂದು ಸವರಿ ದಾರ ಕಟ್ಟುವುದು, ಬೇರೆ ಹೊಲದ ಪರಾಗ ಒಂದು ಕಣ ಒಳಗೆ ಹೋದರೂ ತಳಿ ಕೆಟ್ಟಿತು. ಅಯ್ಯ ಇಷ್ಟೇನು, ಟೊಪ್ಪಿಗಿ ಹಾಕೀದಿ ಅಂತ ಹೇಳಣ್ಣಾ, ಎಂದು ನಕ್ಕು ಮಾನಿಟರಿನ ಮೇಲಿನ ಚೀಟಿ ನೋಡಿ ನಂಬರು ಓದಿದ್ದಳು. ಅವನು ಬರೆದುಕೊಂಡ. ಹಾಗಾದರೆ ಇವತ್ತು ಯಾಕೆ ಬಿಡುತ್ತಿಲ್ಲ, ಅವನನ್ನೇ ಕೇಳೋಣ ಅಂದರೆ ಅವನು ಮಗನ ಜವಳ, ಹುಟ್ಟುಗೂದಲು, ತೆಗೆಸಲು ಗಳಗನಾಥಕ್ಕೆ ಹೋಗಿದ್ದಾನೆ, ಹೊಳೆದಂಡೆ, ಮೊಬೈಲು ವ್ಯಾಪ್ತಿ ಪ್ರದೇಶದ ಹೊರಗೆ ಅಂತ ಒಬ್ಬಳು ಹೆಂಗಸು ಮೆತ್ತಗೆ ಹೇಳುತ್ತಾಳೆ, ಎಷ್ಟು ಸಲ ಮಾಡಿದರೂ ಬೇಸರವಿಲ್ಲದೆ ಅದನ್ನೇ ಹೇಳುತ್ತಾಳೆ. ಅವನ ಮಗನ ತಲೆ ತಣ್ಣಗಿರಲಿ, ನನ್ನ ಮಗಳ ಬಾಯಿ — ಹನ್ನೊಂದು ಹದಿನಾಲ್ಕು.

ಹಾವೇರಿ ಆಫೀಸಿಗೇ ಹಚ್ಚಿದಳು, ಎತ್ತಿದವನು ಜವಾನ ಅಂಜಿನಪ್ಪ, ಯಾರ್ರಿ, ಹಾಂ, ರಾಣೆಬೆನ್ನೂರ ಅಕ್ಕಾರೇನು, ಆರಾಮ ಅದೀರೇನ್ರಿ, ಹಬ್ಬಕ್ಕ ಊರಿಗೆ ಹೊಂಟೀರೇನು — ಅಂಜಿನಪ್ಪ, ಆ ಕಂಪ್ಯೂಟರ ಖೋಲ್ಯಾಗ ಹೋಗು, ನಾ ಹೇಳಿದಂಗ ಒತ್ತು, ಜೀವದ ಮಾತೈತಿ. ಅವನ ದನಿ ಒಂದು ಹೆಜ್ಜೆ ಹಿಂದೆ ಸರಿಯಿತು, ಅದೊಂದು ಹೇಳಬ್ಯಾಡ್ರಿ ಅಕ್ಕಾರ, ಆ ಖೋಲಿ ಬಾಗಲಾ ಸಹಿತ ಮುಟ್ಟಬ್ಯಾಡ ಅಂತ ರುದ್ರಮುನಿ ಸಾಹೇಬ್ರು ಆಣಿ ಹಾಕಿ ಹೋಗ್ಯಾರ, ನನಗ ಓದಾಕ ಬರೋದ ನಾಕ ಅಕ್ಷರ, ಏನಾರ ಒತ್ತಿ ಎಲ್ಲಾ ಹಾಳಾದ್ರ ನನ್ನ ಹೆಂಡ್ರು ಮಕ್ಳು ಏನು ತಿನ್ನಬೇಕು. ಏನು ತಿನ್ನಬೇಕು ಅಂತ ನನ್ನ ಕೇಳುತ್ತಾನಲ್ಲ, ಅವಳಿಗೆ ಅಳು ಬಂತು, ಸಿಟ್ಟೂ ಬಂತು, ಬೈದರೆ ಇಟ್ಟುಬಿಡುತ್ತಾನೆ, ಅಂಜಿನಪ್ಪ, ಕಂಪನಿ ಜ್ವಾಳದಾಗ ವಿಷ ಐತಿ, ನಮ್ಮವ್ವ ಅದನ್ನ ಇಸಗೊಳ್ಳಾಕ ಹೋಗ್ಯಾಳ, ನನ್ನ ಮಗಳ್ನ ಕರಕೊಂಡು. ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ, ಒಳಗ ನಾ ಹೋಗಂಗಿಲ್ರಿ ಯವ್ವಾ, ಆದ್ರ ನಂಬರ ಬರದ ಡೈರಿ ಹೊರಗ ಸಾಹೇಬ್ರ ಟೇಬಲ್ ಮ್ಯಾಲ ಐತಿ, ಅಂಕಿ ಓದತೇನಿ, ತರಲ್ಯಾ? ತಾರಪ್ಪ, ಲಗೂ ತಾ. ಅವನ ಚಪ್ಪಲಿ ಹೋಯಿತು, ಚಪ್ಪಲಿ ಬಂತು, ಪುಟ ತಿರುವುವ ಸದ್ದು, ಅವನು ಅಂಕಿ ಅಂಕಿಯಾಗಿ ಬೆರಳಿಟ್ಟು ಓದುತ್ತಾನೆ, ಕೊನೇಕ ಹದಿನೇಳರಿ. ಮಾನಿಟರಿನ ಚೀಟಿಯಲ್ಲೂ ಕೊನೆಗೆ ಹದಿನೇಳೇ, ಒಂದೂ ತಪ್ಪಿಲ್ಲ, ಸರಿಯಾಗಿಯೇ ಬರೆದುಕೊಂಡಿದ್ದಾನೆ. ಸರಿ ಇದ್ದ ಮೇಲೆ ಇನ್ನೇನು ಮಾಡುವುದು, ಅವಳು ಹಣೆಯನ್ನು ಮೇಜಿಗೆ ಒತ್ತಿದಳು.

ಹನ್ನೊಂದು ಇಪ್ಪತ್ತೆರಡು. ಕುಂಕುಮ ಉದುರಿ ಮೇಜಿನ ಮೇಲೆ ಬಿದ್ದಿದೆ, ಬೆರಳಲ್ಲಿ ಒರೆಸಿದರೆ ಬೆರಳು ಕೆಂಪು, ಗುಲಾಬಿ ಹೆಬ್ಬೆರಳು, ಹಮಾಲರ ಹುಬ್ಬು, ಅವ್ವನ ಅಂಗೈ, ಆ ಮಾಡು — ಯಾವಾಗ ಹಚ್ಚಿದ್ದು ಇದನ್ನು, ಶುಕ್ರವಾರ, ಲಕ್ಷ್ಮಿ ಪೂಜೆ ಮಾಡಿ ಎಲ್ಲ ಯಂತ್ರಕ್ಕೂ ಹಚ್ಚಿದ್ದೆ, ತೂಕದ ಯಂತ್ರ, ಹೊಲಿಗೆಯ ಯಂತ್ರ, ಕಂಪ್ಯೂಟರು, ಶುಕ್ರವಾರ ಕಂಪ್ಯೂಟರಿಗೆ ಹಚ್ಚಿದ್ದು, ಸೋಮವಾರ ಹೊಸ ಕಂಪ್ಯೂಟರು ಬಂತು. ತಡೆ. ಸೋಮವಾರ ಬಂದದ್ದಕ್ಕೆ ಶುಕ್ರವಾರದ ಕುಂಕುಮ ಹೇಗೆ ಬಂತು? ಅವಳು ಎದ್ದಳು, ಕುರ್ಚಿ ಬಿತ್ತು, ಮೇಜಿನ ಕೆಳಗೆ ಬಗ್ಗಿ ನೋಡಿದಳು, ಅಲ್ಲಿ ಕಾಲ ಹತ್ತಿರ ಹೊಸ ಡಬ್ಬಿ ಕೂತಿದೆ, ಕಪ್ಪಗೆ, ಕುಂಕುಮವಿಲ್ಲ, ಚೀಟಿಯಿಲ್ಲ, ಇದು ಕಂಪ್ಯೂಟರು, ಮೇಲಿರುವುದು ಬರೀ ಮುಖ, ಮುಖ ಹಳೆಯದನ್ನೇ ಉಳಿಸಿಕೊಂಡು ಡಬ್ಬಿ ಮಾತ್ರ ಬದಲಿಸಿ ಹೋಗಿದ್ದಾರೆ, ಹಳೇ ಡಬ್ಬಿ ಮೂಲೆಯಲ್ಲಿ ಗೋಣಿತಟ್ಟು ಹೊದ್ದು ಬಿದ್ದಿದೆ, ಐದು ವರ್ಷ ಮುಖಕ್ಕೆ ಕೈಮುಗಿದು ಅದನ್ನೇ ಕಂಪ್ಯೂಟರು ಅಂದುಕೊಂಡೆನಲ್ಲ, ಎಂಥ ಮಳ್ಳಿ ನಾನು, ನಿನ್ನೆ ಹಳೆಯದರ ನಂಬರು ಹೇಳಿದೆ, ಬಾಗಿಲಲ್ಲಿ ಕೂತವನಿಗೆ ಈ ಹೊಸದರ ಗುರುತೇ ಇಲ್ಲ. ಹೊಸದರ ನಂಬರು ಏನಿದೆ, ಎಲ್ಲಿ ನೋಡುವುದು, ಸೋಮವಾರ ಡಬ್ಬಿ ಕೂರಿಸಲು ಬಂದ ಹುಡುಗ ನಂಬರು ಬರೆಯುವಾಗ ಹಿಂದೆ ನಿಂತು ನೋಡಿದ್ದಳು, ಇಲ್ಲಿ ಒತ್ತಬೇಕು, ಆಮೇಲೆ ಇಲ್ಲಿ, ಸಿಕ್ಕಿತು, ಕೊನೆಗೆ ಇಪ್ಪತ್ಮೂರು. ಪಟ್ಟಿ ತಿದ್ದಲು ಹಾವೇರಿಗೆ ಹೋಗಬೇಕು, ಆದರೆ ಪಟ್ಟಿಯನ್ನೇ ಯಾಕೆ ತಿದ್ದಬೇಕು, ಹಳೆಯದು ಸತ್ತು ಮೂಲೆಯಲ್ಲಿದೆ, ಅದರ ನಂಬರನ್ನು ಇದಕ್ಕೆ ಕೊಟ್ಟರಾಯಿತು. ಇಪ್ಪತ್ಮೂರು ಅಳಿಸಿ ಹದಿನೇಳು ಬರೆದಳು. ಈ ಸಲ ಕೀಲಿಮಣೆಯನ್ನು ನೋಡಿಕೊಂಡೇ ಬರೆದಳು.

ಬದಲಿಸಿದ ನಂಬರು ಹಿಡಿಯಬೇಕಾದರೆ ಕಂಪ್ಯೂಟರನ್ನು ಮುಚ್ಚಿ ತೆರೆಯಬೇಕಂತೆ, ಮುಚ್ಚಿತು, ತೆರೆಯುತ್ತಿದೆ, ತೆರೆಯುತ್ತಲೇ ಇದೆ, ನೀಲಿ ಪಟ್ಟಿ ಎಡದಿಂದ ಬಲಕ್ಕೆ ಹರಿದಾಡುತ್ತದೆ, ಹನ್ನೊಂದು ಇಪ್ಪತ್ತೆಂಟು, ಗೂಡುಸಾಬ ಯಾವತ್ತೂ ತಡ ಮಾಡುತ್ತಾನೆ, ಚಹಾ ಕುಡಿಯದೆ ಬಾಗಿಲು ತೆರೆಯುವುದಿಲ್ಲ, ಇವತ್ತೂ ಕುಡಿಯಲಿ, ಎರಡು ಕಪ್ಪು ಕುಡಿಯಲಿ, ಹನುಮಪ್ಪಾ ನಿನಗೆ ಐದು ಶನಿವಾರ ಎಣ್ಣೆ ಹಾಕುತ್ತೇನೆ, ಅವ್ವನಿಗೆ ಬಸ್ಸು ತಪ್ಪಿರಲಿ, ತಪ್ಪುವುದಿಲ್ಲ, ನಾನೇ ಅಲ್ಲವೇ ಭಾನುವಾರ ಹೇಳಿ ಬಂದವಳು, ಎವ್ವಾ, ನಸೀಕಲೇ ಹೋಗಿ ಮುಂದ ನಿಂದ್ರು, ಹಿಂದ ನಿಂತವ್ರಿಗೆ ತಳದ ನುಚ್ಚು ಬರತೈತಿ, ಗೂಡುಸಾಬಗ ನನ್ನ ಹೆಸರು ಹೇಳು. ಬಾಯಿ ಸುಮ್ಮನಿರಬಾರದಾಗಿತ್ತೇ. ಮೋಡೆಮ್ಮು ಅರಚಿತು, ಲೈನು ಹತ್ತಿತು, ಪರದೆ ಒಂದು ಗಳಿಗೆ ಬಿಳಿಚಿತು, ಇಂಗ್ಲಿಷ್ ಸಾಲು ಬರಲಿಲ್ಲ, ಪಟ್ಟಿ ಬಂತು, ಲಾಟುಗಳು, ನಲವತ್ನಾಲ್ಕು, ನಲವತ್ತೈದು, ನಲವತ್ತಾರು, ಬಾಗಿಲಿನವನು ಬಿಟ್ಟ, ಬಿಟ್ಟನಪ್ಪಾ, ಬೆರಳು ತಡವರಿಸುತ್ತದೆ, ಔಷಧ ಹೌದು, ಸ್ಥಿತಿ ತಡೆ, ಉಳಿಸು, ಉಳಿಯಿತು. ಕೆಳಗೆ ಲೆಕ್ಕ ತಾನೇ ಬದಲಾಯಿತು, ತಡೆದದ್ದು ಅರವತ್ತೊಂದು. ಅರವತ್ತೊಂದು ಅಲ್ಲ, ಅರವತ್ತೆರಡು ಇರಬೇಕು. ಅವಳು ಮತ್ತೆ ನೋಡಿದಳು, ಕೊಟ್ಟದ್ದು ಒಂದು, ಹನ್ನೊಂದು ಮೂವತ್ತೊಂದಕ್ಕೆ, ಈಗ ಮೂವತ್ಮೂರು, ಹೆಸರಿನ ಜಾಗದಲ್ಲಿ ಮೂರೇ ಅಕ್ಷರ, ಕರೆವ್ವ.

ಸರದಿಯಲ್ಲಿ ಮುಂದೆ ನಿಂತವಳು. ಲೈನು ಕಡಿದಳು, ಬ್ಯಾಡಗಿಗೆ ಹಚ್ಚಬೇಕೆಂದು ಕೈ ಚಾಚುವಷ್ಟರಲ್ಲಿ ಫೋನೇ ಬಾರಿಸಿತು, ಗೂಡುಸಾಬ, ಏನ್ರಿ ಭುವನಾ ಬಾಯಾರ, ಚೀಟಿ ಬರೂದು ನಿಂತ ಬಿಡ್ತು, ತಡಿ ಅಂತ ತೋರಸಾಕತ್ತೈತಿ, ಇಲ್ಲಿ ಹೆಣ್ಮಕ್ಳು ಬಡಕೊಳ್ಳಾಕತ್ತಾರ, ಅದಕ್ಕ ಲೈನ್ ಕಡದು ನಿಮಗ — ನಮ್ಮವ್ವ ಎಲ್ಲಿ? ನಿಮ್ಮವ್ವಗ ಕೊಟ್ಟೇನ್ರಿ, ಮೊದಲನೇ ಚೀಲ ಆಕೀದ, ನಿಮ್ಮ ಹೆಸರು ಹೇಳಿದ್ಲು, ಇಲ್ಲೇ ಹೊರಗ ಕಟ್ಟಿ ಮ್ಯಾಲ ಕುಂತಾಳ, ಚೀಲದ ಬಾಯಿ ಬಿಚ್ಚಾಕತ್ತಾಳ ನೋಡ್ರಿ, ಮೊಮ್ಮಗಳು ಮಗ್ಗಲದಾಗ — ಗೂಡುಸಾಬಣ್ಣ, ವಿಷ, ಅದನ್ನ ಬಾಯಾಗ ಹಾಕಗೊಡಬ್ಯಾಡ, ಓಡು, ಕಾಲು ಬೀಳತೇನಿ ಓಡು. ಯಾ ಅಲ್ಲಾ, ಎಂದ, ರಿಸೀವರು ಮೇಜಿಗೆ ಬಡಿದ ಸದ್ದು, ಓಡುತ್ತಾನೆ, ಓಡುತ್ತಿದ್ದಾನೆ, ಓಡಲಾಗದು ಅವನಿಗೆ, ಎಡಗಾಲು ಎಳೆದು ಹಾಕುವವನು, ಒಂದು ಹೆಜ್ಜೆ, ಒಂದು ಎಳೆತ, ಒಂದು ಹೆಜ್ಜೆ, ಒಂದು ಎಳೆತ, ತಂತಿಯಲ್ಲಿ ಹೆಂಗಸರ ಗದ್ದಲ, ಯಾರೋ ಖಾರಕ್ಕೆ ಕೆಮ್ಮುತ್ತಾರೆ, ಅವನು ಕೂಗಿದನೇ, ಕೂಗಿದ್ದು ಅವನೇ, ಈ ಗದ್ದಲದಲ್ಲಿ ಕೇಳುವುದು ಹೇಗೆ, ಅವ್ವನಿಗೆ ಎಡಗಿವಿ ಮಂದ, ಮೇಜಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ, ಬಾಗಿಲಿನಿಂದ ಕಟ್ಟೆಗೆ ಎಷ್ಟು, ಭುವನಾ ರಿಸೀವರನ್ನು ಕಿವಿಗೆ ಒತ್ತಿದ್ದಾಳೆ, ಒಂದು ಎಳೆತ, ಒಂದು ಹೆಜ್ಜೆ, ಈಗ ಅದೂ ಕೇಳುವುದಿಲ್ಲ, ಕಣ್ಣ ಮುಂದೆ ಚೀಲದ ಬಾಯಿಯ ದಾರ ಜಾರುತ್ತದೆ, ಅಂಗೈಯಲ್ಲಿ ನಾಲ್ಕು ಕಾಳು, ಕೆಂಪು, ಉಫ್, ಆ ಮಾಡು ನನ್ನ ರಾಣಿ, ಅಕ್ಕಿಯಂಥ ಹಲ್ಲು, ಕಾವ್ಯಾ ಬಾಯಿ ತೆರೆದಿದ್ದಾಳೆ, ಬಾಯಿ ತೆರೆದಿದ್ದಾಳೆ, ತೆರೆದಿದ್ದಾಳೆ